ಕರಿ ಮರಿಯೆಲ್ಲ ಕಡಕನಾಥ್ ಅಲ್ಲ

ಪ್ರಶ್ನೆ (ಹುಮನಾಬಾದ್): ನಮಸ್ಕಾರ ಡಾಕ್ಟ್ರೇ. ಸಂತೆಯಲ್ಲಿ ಕಡಕನಾಥ್ ಅಂತ ಹೇಳಿ ಹತ್ತು ಕೋಳಿಮರಿ ಕೊಟ್ಟರು. ಜವಾರಿ ಮರಿಗಿಂತ ದುಪ್ಪಟ್ಟು ರೇಟು. ಆರು ಮರಿ ಕಪ್ಪಗಿವೆ, ಹೊಟ್ಟೆ ಮಾತ್ರ ಬಿಳಿ. ಮೂರರ ಬೆನ್ನ ಮೇಲೆ ಅಳಿಲಿನ ಹಾಗೆ ಪಟ್ಟೆ. ಒಂದಂತೂ ಪೂರ್ತಿ ಹಳದಿ! ಐದು ದಿನದ ಮರಿಗಳಂತೆ. ಯಾವ ತಳಿ ಇವು?

ಉತ್ತರ (ಪಶುವೈದ್ಯರು, ಬೀದರ್): ಹಳದಿಯದ್ದನ್ನು ಬಿಡಿ ಅಕ್ಕಾ, ಅದು ಕಡಕನಾಥ್ ಅಲ್ಲವೇ ಅಲ್ಲ. ಕಂದು ಪಟ್ಟೆಯವು ಜವಾರಿ ಇರಬಹುದು. ಕಾಡುಕೋಳಿಯ ಮರಿಗೂ ಇದೇ ಪಟ್ಟೆ, ಹುಲ್ಲಿನಲ್ಲಿ ಅಡಗಿದರೆ ಕಾಣುವುದಿಲ್ಲ.

ಕಪ್ಪಗಿರುವವೇ ಮೋಸ ಮಾಡುವುದು. ಆಸ್ಟ್ರಲಾರ್ಪ್ ಅಂತ ಆಸ್ಟ್ರೇಲಿಯಾದ ತಳಿ ಇದೆ, ಅದರ ಮರಿಯೂ ಕಪ್ಪು, ಅದರ ಹೊಟ್ಟೆಯೂ ಬಿಳಿ. ನಮ್ಮ ಜವಾರಿಯಲ್ಲೂ ಇಂಥವು ಹುಟ್ಟುತ್ತವೆ. ಅದಕ್ಕೇ ತುಪ್ಪಳ ನೋಡಬೇಡಿ, ಬಾಯಿ ತೆರೆದು ನಾಲಿಗೆ ನೋಡಿ. ರೆಕ್ಕೆ ಎತ್ತಿ ಚರ್ಮ ನೋಡಿ. ಕಡಕನಾಥ್ ಮಧ್ಯಪ್ರದೇಶದ ಝಾಬುವಾ ಕಡೆಯ ಕೋಳಿ. ಅದರ ಚರ್ಮ, ಮಾಂಸ, ಕಾಲು ಎಲ್ಲವೂ ಕಪ್ಪು ಕಪ್ಪು. ಬಾಯಿ ಗುಲಾಬಿ ಬಣ್ಣ ಇದ್ದರೆ ನೀವು ಕೊಟ್ಟ ದುಡ್ಡು ಹೋಯಿತು ಅಂತಲೇ ತಿಳಿಯಿರಿ.

ಪ್ರಶ್ನೆ: ನೋಡಿದೆ ಸರ್. ನಾಲ್ಕರ ಬಾಯಿ ಗುಲಾಬಿ. ಎರಡರದ್ದು ಮಾತ್ರ ಕಪ್ಪು. ಅವೆರಡು ಅಸಲಿ ಅಲ್ವಾ?

ಉತ್ತರ: ಕಡಕನಾಥ್ ರಕ್ತ ಇದೆ ಅನ್ನಬಹುದು, ಅಷ್ಟೇ. ಜವಾರಿ ಜೊತೆ ಬೆರಕೆಯಾದರೂ ಚರ್ಮದ ಕಪ್ಪು ಮರಿಗೆ ಬರುತ್ತದೆ. ತಂದೆ ತಾಯಿ ಕೋಳಿಗಳನ್ನು ನೋಡದೆ ಶುದ್ಧ ತಳಿ ಅಂತ ನಾನು ಬರೆದುಕೊಡಲಾರೆ.

ಇನ್ನೊಬ್ಬರು (ಶಹಾಪುರ): ಸರ್, ನನ್ನ ಹತ್ತಿರ ಗಿರಿರಾಜ ಮರಿ ಇವೆ. ಒಂದರ ಬಣ್ಣ ಇನ್ನೊಂದಕ್ಕಿಲ್ಲ. ನನಗೂ ಮೋಸ ಆಯಿತಾ?

ಉತ್ತರ: ಇಲ್ಲ ಅಣ್ಣಾ. ಬೆಂಗಳೂರಿನ ಗಿರಿರಾಜ, ಹೈದರಾಬಾದಿನ ವನರಾಜ, ಎರಡೂ ಬಣ್ಣಬಣ್ಣದ ಕೋಳಿಗಳೇ. ಅಲ್ಲಿ ಬಣ್ಣ ನೋಡಿ ತಳಿ ಹೇಳುವವರು ಸುಮ್ನೆ ಊಹೆ ಮಾಡುತ್ತಾರೆ. ಜಾತ್ರೆಯ ಹಸಿರು, ಗುಲಾಬಿ ಮರಿಗಳ ಬಗ್ಗೆ ಮಾತ್ರ ಯಾರೂ ಕೇಳಬೇಡಿ, ಅದು ಬರೀ ಬಣ್ಣದ ನೀರು!

ಪ್ರಶ್ನೆ (ಹುಮನಾಬಾದ್): ಕೊನೆಯದಾಗಿ ಸರ್, ಹುಂಜ ಎಷ್ಟು, ಹ್ಯಾಟೆ ಎಷ್ಟು?

ಉತ್ತರ: ನಿಮ್ಮ ಬೆರಕೆ ಮರಿಗಳಲ್ಲಿ ಬಣ್ಣದಿಂದ ಅದು ತಿಳಿಯುವುದಿಲ್ಲ. ಎರಡು ತಿಂಗಳು ಕಾಯಿರಿ, ಹುಂಜದ ಜುಟ್ಟು ಬೇಗ ಕೆಂಪಾಗಿ ದೊಡ್ಡದಾಗುತ್ತದೆ. ಕಪ್ಪು ಬಾಯಿಯ ಎರಡರಲ್ಲಿ ಕೆಂಪು ಕಾಣದಿದ್ದರೆ ಜುಟ್ಟಿನ ಗಾತ್ರ ನೋಡಿ. ಅದಿರಲಿ, ಕೋಳಿಗೆ ಬರುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹಾಕಿಸಿದಿರಾ? ಐದರಿಂದ ಏಳನೇ ದಿನದೊಳಗೆ ಆ ಲಸಿಕೆಯ, ಅಂದರೆ ಲಸೋಟಾದ, ಹನಿ ಕಣ್ಣಿಗೆ ಬೀಳಬೇಕು.

ಪ್ರಶ್ನೆ: ಇಲ್ಲ ಸರ್. ನಾಳೆ ಬೆಳಿಗ್ಗೆಯೇ ದನದ ದವಾಖಾನೆಗೆ ಹೋಗುತ್ತೇನೆ. ಹಳದಿಯದ್ದನ್ನೂ ಒಯ್ಯಲಾ?

ಉತ್ತರ: ಹತ್ತನ್ನೂ ಒಯ್ಯಿರಿ ಅಕ್ಕಾ.