ಅಮ್ಮನ ಮುಖದ ಒಂದು ಬದಿ ಅಲುಗುತ್ತಿಲ್ಲ, ಅನುಭವ ಇದ್ದವರು ಹೇಳಿ

ಕೇಳಿದವರು, ಮುಲುಂಡ್:
ಅಮ್ಮನಿಗೆ 58 ವರ್ಷ, ಶುಗರ್ ಇದೆ. ನಿನ್ನೆ ಬೆಳಿಗ್ಗೆ ಎದ್ದಾಗ ಬಾಯಿ ಬಲಕ್ಕೆ ಎಳೆದಿತ್ತು. ಎಡಗಣ್ಣು ಮುಚ್ಚುತ್ತಿಲ್ಲ. ಪಕ್ಕದ ಮನೆಯ ಮರಾಠಿ ಆಜಿ ‘ವಾರಾ ಲಾಗಲಾ’, ಅಂದರೆ ಗಾಳಿ ಬಡಿದಿದೆ ಅಂದರು. ಊರಿಂದ ಚಿಕ್ಕಮ್ಮ ಫೋನ್ ಮಾಡಿ, ಲಕ್ವಾ ಹೊಡೆದಿದೆ, ಇಲ್ಲಿಗೆ ಕರೆದುಕೊಂಡು ಬಾ, ಎಣ್ಣೆ ತಿಕ್ಕಿಸೋಣ ಅಂತಿದ್ದಾರೆ. ಚಿಕ್ಕಮ್ಮನಿಗೂ ಕೆನ್ನೆಯಲ್ಲಿ ಕರೆಂಟ್ ಹೊಡೆದ ಹಾಗೆ ನೋವು ಬರುತ್ತೆ. ಎರಡೂ ಒಂದೇ ಕಾಯಿಲೆನಾ? ಊರಿಗೆ ಹೋಗೋದಾ?

ಡೊಂಬಿವಲಿಯಿಂದ:
ಅಕ್ಕಾ, ಊರಿಗೆ ಈಗ ಬೇಡ. ಇವತ್ತೇ ಆಸ್ಪತ್ರೆಗೆ ಹೋಗಿ. ಕೈಕಾಲು ಸೋತಿದ್ದರೆ, ಮಾತು ತೊದಲುತ್ತಿದ್ದರೆ ಒಂದು ನಿಮಿಷವೂ ಕಾಯಬೇಡಿ, ಅದು ಮೆದುಳಿನ ಸ್ಟ್ರೋಕ್ ಇರಬಹುದು.

ನನಗೆ ಎರಡು ವರ್ಷದ ಹಿಂದೆ ಇದೇ ಆಗಿತ್ತು. ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ಸೋರಿ ಕುತ್ತಿಗೆಗೆ ಇಳಿಯಿತು. ರಾತ್ರಿ ಎಸಿ ಗಾಳಿಗೆ ಮರಗಟ್ಟಿರಬೇಕು ಅಂದುಕೊಂಡು ಲೋಕಲ್ ಹತ್ತಿ ಕೆಲಸಕ್ಕೆ ಹೋದೆ. ಆಸ್ಪತ್ರೆಗೆ ಹೋಗಿದ್ದು ಮಾರನೇ ದಿನ ಸಂಜೆ. ಹಾಗೆ ಮಾಡಬಾರದಿತ್ತು.

ಡಾಕ್ಟರ್ ಮೊದಲು ಹುಬ್ಬು ಏರಿಸಿ ಅಂದರು. ಎಡಗಡೆ ಹಣೆಯಲ್ಲಿ ಒಂದು ಗೆರೆಯೂ ಮೂಡಲಿಲ್ಲ. ನನಗೆ ಗಾಬರಿ, ಅವರಿಗೆ ಸಮಾಧಾನ! ಹಣೆಗೆ ಮೆದುಳಿನ ಎರಡೂ ಕಡೆಯಿಂದ ಸಂಪರ್ಕ ಇರುತ್ತಂತೆ. ಸ್ಟ್ರೋಕ್ ಆದರೆ ಸಾಮಾನ್ಯವಾಗಿ ಬಾಯಿ ಸೊಟ್ಟ ಆಗುತ್ತೆ, ಆದರೆ ಹುಬ್ಬು ಏರಿಸಿದಾಗ ಹಣೆ ಸುಕ್ಕುಗಟ್ಟುತ್ತೆ. ಹಣೆಯೂ ಸೋತರೆ ತೊಂದರೆ ಹೆಚ್ಚಾಗಿ ಮುಖ ಅಲುಗಿಸುವ ನರದಲ್ಲೇ. ಇದಕ್ಕೆ ಬೆಲ್ಸ್ ಪಾಲ್ಸಿ ಅಂತಾರೆ. ಆದರೆ ಇದನ್ನು ಮನೆಯಲ್ಲೇ ನೋಡಿ ತೀರ್ಮಾನ ಮಾಡಬೇಡಿ.

ಆ ನರ ಮೆದುಳಿನಿಂದ ಹೊರಡುವ ಏಳನೇ ನರ. ಕಿವಿಯ ಹತ್ತಿರದ ಮೂಳೆಯೊಳಗೆ ಕಿರಿದಾದ ಸುರಂಗದಲ್ಲಿ ಸಾಗುತ್ತೆ. ಊದಿಕೊಂಡರೆ ಹಿಗ್ಗಲು ಜಾಗವೇ ಇಲ್ಲ, ಮೂಳೆಗೆ ಒತ್ತಿಕೊಂಡು ಸೋಲುತ್ತೆ. ಹೊರಗೆ ಬಂದ ಮೇಲೆ ಕೆನ್ನೆಯ ಜೊಲ್ಲಿನ ಗ್ರಂಥಿಯೊಳಗೆ ಐದು ಕವಲಾಗಿ ಹಣೆ, ಕಣ್ಣು, ಕೆನ್ನೆ, ದವಡೆ, ಕುತ್ತಿಗೆಗೆ ಹೋಗುತ್ತೆ. ದಾರಿಯಲ್ಲಿ ಕಿವಿಯೊಳಗಿನ ಪುಟ್ಟ ಸ್ನಾಯುವಿಗೂ ನಾಲಿಗೆಯ ಮುಂಭಾಗದ ರುಚಿಗೂ ಇದೇ ಆಧಾರ. ನನಗೆ ಕುಕ್ಕರ್ ಸೀಟಿ ಕಿವಿ ಸೀಳುತ್ತಿತ್ತು. ಸಾರಿನ ಉಪ್ಪು ಅರ್ಧ ನಾಲಿಗೆಗೆ ಮಾತ್ರ ತಿಳಿಯುತ್ತಿತ್ತು.

ಊತ ಇಳಿಸುವ ಸ್ಟೀರಾಯ್ಡ್ ಪ್ರೆಡ್ನಿಸೋಲೋನ್ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. 2007ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಅಧ್ಯಯನದಲ್ಲಿ ಅದನ್ನು ತೆಗೆದುಕೊಂಡವರಲ್ಲಿ ನೂರಕ್ಕೆ 94 ಮಂದಿ ಒಂಬತ್ತು ತಿಂಗಳಲ್ಲಿ ಪೂರ್ತಿ ಸರಿಹೋದರು, ತೆಗೆದುಕೊಳ್ಳದವರಲ್ಲಿ 82. ನಿಮಗೆ ಒಂದು ದಿನ ಆಗಲೇ ಹೋಯಿತು. ಈ ಮಾತ್ರೆ ಶುಗರ್ ಏರಿಸುತ್ತೆ, ಅಮ್ಮನಿಗೆ ಶುಗರ್ ಇರೋದನ್ನು ಮೊದಲೇ ಹೇಳಿ.

ಕಣ್ಣಿನ ವಿಷಯ ಮಾತ್ರ ಮರೆಯಬೇಡಿ. ಹಗಲು ಡ್ರಾಪ್ಸ್, ರಾತ್ರಿ ಮುಲಾಮು. ಮಲಗುವಾಗ ರೆಪ್ಪೆಯನ್ನು ಬೆರಳಿಂದ ಮೆಲ್ಲಗೆ ಪೂರ್ತಿ ಮುಚ್ಚಿ, ಆಮೇಲೆ ಪೇಪರ್ ಟೇಪ್ ಹಚ್ಚಿ. ಟೇಪಿನ ಕೆಳಗೆ ಕಣ್ಣು ತೆರೆದುಕೊಂಡರೆ ಕರಿಗುಡ್ಡೆ ಗೀರಿ ಹುಣ್ಣಾಗುತ್ತೆ. ಮೊದಲ ವಾರ ನನ್ನ ಹೆಂಡತಿ ರಾತ್ರಿ ಎರಡು ಸಲ ಎದ್ದು ಟಾರ್ಚ್ ಹಾಕಿ ನೋಡುತ್ತಿದ್ದಳು.

ಪುಣೆಯಿಂದ:
ನಿಮ್ಮ ಚಿಕ್ಕಮ್ಮನದು ಬೇರೆ ಇರಬೇಕು. ನಮ್ಮ ಯಜಮಾನರಿಗೆ ಹಲ್ಲುಜ್ಜಿದರೆ, ಶೇವ್ ಮಾಡಿದರೆ, ಮುಖಕ್ಕೆ ಗಾಳಿ ಬಡಿದರೂ ಸಾಕು, ಕೆಲವು ಕ್ಷಣ ಮಿಂಚು ಹೊಡೆದಂಥ ನೋವು. ಹಲ್ಲಿನದು ಅಂತ ಎರಡು ದವಡೆ ಹಲ್ಲು ಕೀಳಿಸಿದೆವು, ನೋವು ಹಾಗೇ ಉಳಿಯಿತು. ಆಮೇಲೆ ಗೊತ್ತಾಯಿತು, ಅದು ಐದನೇ ನರದ ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಮುಖದ ಸ್ಪರ್ಶ, ನೋವು ಆ ನರದ್ದು. ನಗು, ಅಳು, ಕಣ್ಣು ಮುಚ್ಚೋದು ಏಳನೆಯದರದ್ದು. ಎಂಆರ್‌ಐ ಮಾಡಿ ನರದ ನೋವಿಗೆ ಕಾರ್ಬಮಾಜೆಪಿನ್ ಮಾತ್ರೆ ಕೊಟ್ಟರು. ಈಗ ರೊಟ್ಟಿ ಅಗಿಯುತ್ತಾರೆ. ಚಿಕ್ಕಮ್ಮನಿಗೆ ಹಲ್ಲು ಕೀಳಿಸುವ ಮೊದಲು ನರದ ಡಾಕ್ಟರಿಗೆ ತೋರಿಸಲು ಹೇಳಿ.

ಮಡಗಾಂವ್‌ನಿಂದ:
ಅಮ್ಮನ ಕಿವಿಯೊಳಗೆ, ಹಿಂದೆ ನೀರುಗುಳ್ಳೆ ಇದೆಯಾ ನೋಡಿ. ನನ್ನ ತಮ್ಮನಿಗೆ ಇತ್ತು. ಸರ್ಪಸುತ್ತಿನ ವೈರಸ್ ಆ ನರಕ್ಕೆ ತಗುಲಿತ್ತು, ಔಷಧವೂ ಬೇರೆ ಸೇರಿಸಿದರು. ಚೇತರಿಕೆ ನಿಧಾನ. ಬೆಲ್ಸ್ ಪಾಲ್ಸಿಯೇ ಆದರೂ ಮೂರು ತಿಂಗಳಾದರೂ ಏನೂ ಅಲುಗದಿದ್ದರೆ ಮತ್ತೆ ತೋರಿಸಬೇಕು.

ಕೇಳಿದವರು, ಮುಲುಂಡ್:
ಕೈಕಾಲು, ಮಾತು ಸರಿ ಇದೆ. ಗುಳ್ಳೆ ಕಾಣಲಿಲ್ಲ. ಎಡ ಹುಬ್ಬು ಏಳಲಿಲ್ಲ. ಅಮ್ಮ ಸೀರೆ ಬದಲಿಸುತ್ತಿದ್ದಾರೆ, ರಿಕ್ಷಾ ಕೆಳಗೆ ನಿಂತಿದೆ. ಹೊರಟೆವು.