ಗೇಡನ್ ಹತ್ತಿರದ ಆ ಡಿಟ್ಯಾಚ್ಡ್ ಮನೆ: ತಗೊಳ್ಳೋದಾ, ಬೇಡವಾ?

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ವಾರಿಕ್‌ಶೈರ್‌ನ ಗೇಡನ್ ಹತ್ತಿರದ ಹಳ್ಳಿಯಲ್ಲಿ ನಾಲ್ಕು ಬೆಡ್‌ರೂಮಿನ ಡಿಟ್ಯಾಚ್ಡ್ (ಯಾರ ಗೋಡೆಗೂ ಅಂಟದ ಒಂಟಿ) ಮನೆ, ಐದೂವರೆ ಲಕ್ಷ ಪೌಂಡ್, ಹಿಂದೆ ಹೊಲ, ಯಜಮಾನರ ಆಫೀಸು ಗೇಡನ್‌ನಲ್ಲಿ, ಮಕ್ಕಳಿಗೆ ಆರು ಮತ್ತು ಎರಡು ವರ್ಷ, ತಗೊಳ್ಳಬಹುದಾ ಅಂತ ಕೇಳಿದ್ದೀರಿ. ಇಲ್ಲಿವರೆಗೆ ಬಂದ ಉತ್ತರಗಳಲ್ಲಿ ಅರ್ಧ ಜನ “ಕಣ್ಣು ಮುಚ್ಕೊಂಡು ತಗೊಳ್ಳಿ” ಅಂದಿದ್ದಾರೆ, ಇನ್ನರ್ಧ “ಲೆಮಿಂಗ್ಟನ್ ಪಟ್ಟಣ ಬಿಡಬೇಡಿ, ಮಕ್ಕಳು ಒಂಟಿ ಆಗ್ತಾರೆ” ಅಂದಿದ್ದಾರೆ. ನಾವು ಒಂಬತ್ತು ವರ್ಷದ ಹಿಂದೆ ಲೆಮಿಂಗ್ಟನ್ ಸ್ಪಾದ ಟೆರೇಸ್ (ಸಾಲಾಗಿ ಗೋಡೆಗೆ ಗೋಡೆ ಅಂಟಿರೋ) ಮನೆ ಮಾರಿ ಅದೇ ಕಡೆಯ ಇನ್ನೊಂದು ಹಳ್ಳಿಗೆ ಬಂದವರು. ಹಾಗಾಗಿ ಉದ್ದವಾಗೇ ಬರೀತೀನಿ, ಕಾಫಿ ಇಟ್ಕೊಂಡು ಓದಿ.

ಮೊದಲು ದುಡ್ಡಿನ ಮಾತು. “ಬೆಂಗಳೂರಲ್ಲಿ ಒಂದು ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿದ್ದೀವಿ” ಅಂತ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ. ಅದನ್ನ ಯಾರೂ ಗಮನಿಸಿದ ಹಾಗೆ ಕಾಣಲಿಲ್ಲ, ನನಗೆ ಮಾತ್ರ ಅಲ್ಲೇ ಎದೆ ಧಸಕ್ ಅಂತು. ಇಂಗ್ಲೆಂಡಿನ ಸ್ಟ್ಯಾಂಪ್ ಡ್ಯೂಟಿಗೆ ನಿಮ್ಮ ಇನ್ನೊಂದು ಮನೆ ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಲೆಕ್ಕವೇ. ಈಗಿನ ದರ 2025ರ ಏಪ್ರಿಲ್ 1ರಿಂದ ಬಂದಿದ್ದು: ಮೊದಲ 1,25,000 ಪೌಂಡಿಗೆ ಏನೂ ಇಲ್ಲ, ಅಲ್ಲಿಂದ 2,50,000ದವರೆಗೆ ಶೇ. 2, ಅದರ ಮೇಲೆ 9,25,000ದವರೆಗೆ ಶೇ. 5. ಐದೂವರೆ ಲಕ್ಷದ ಮನೆಗೆ 17,500 ಆಯ್ತು. ಈಗ ನೀವು ಬಾಡಿಗೆ ಮನೆಯಲ್ಲಿದ್ದೀರಿ, ನಿಮ್ಮ ಹೆಸರಲ್ಲಿ 40,000 ಪೌಂಡ್ ಮೀರಿದ ಫ್ಲ್ಯಾಟ್ ಊರಲ್ಲಿದೆ ಅಂದರೆ ಇದು ‘ಎರಡನೇ ಮನೆ’ ಆಗುತ್ತೆ, ಇಡೀ ಬೆಲೆಯ ಮೇಲೆ ಇನ್ನೂ ಶೇ. 5. ಅಂದ್ರೆ 27,500 ಜಾಸ್ತಿ, ಒಟ್ಟು 45,000. ಫ್ಲ್ಯಾಟ್ ಗಂಡನ ಹೆಸರಲ್ಲಿದೆ, ಮನೆ ನನ್ನ ಹೆಸರಲ್ಲಿ ತಗೋತೀನಿ ಅಂದ್ರೂ ನಡೆಯಲ್ಲ, ಒಟ್ಟಿಗಿರುವ ಗಂಡಹೆಂಡತಿಯನ್ನ ಒಂದೇ ಅಂತ ನೋಡ್ತಾರೆ. ಖಾಲಿ ಸೈಟ್ ಆಗಿದ್ರೆ ಈ ತೊಂದರೆ ಇಲ್ಲ. ಅಪ್ಪನಿಂದ ಬಂದ ಮನೆಯಲ್ಲಿ ಅಣ್ಣತಮ್ಮಂದಿರ ಜೊತೆ ಪಾಲು ಇದ್ದರೆ ಅದಕ್ಕೆ ಬೇರೆ ನಿಯಮ, ಅದನ್ನೂ ಮನೆ ಕಾಗದಪತ್ರ ನೋಡೋ ವಕೀಲರಾದ ಸಾಲಿಸಿಟರ್‌ಗೆ ಮೊದಲ ದಿನವೇ ಹೇಳಿಬಿಡಿ. ನಾವು ವಾಸದ ಮನೆ ಮಾರಿ ವಾಸದ ಮನೆ ತಗೊಂಡಿದ್ದರಿಂದ ಬಚಾವಾದೆವು.

ಇನ್ನೊಂದು, “ಆಫರ್ ಒಪ್ಕೊಂಡಿದ್ದಾರೆ” ಅಂದ ತಕ್ಷಣ ಊರಿಗೆ ಫೋನ್ ಮಾಡಿ ಸಿಹಿ ಹಂಚಬೇಡಿ. ನಮ್ಮ ಕಡೆ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಆದರೆ ಒಂದು ಹಿಡಿತ ಸಿಗುತ್ತೆ. ಇಲ್ಲಿ ಕಾಂಟ್ರ್ಯಾಕ್ಟ್ ಎಕ್ಸ್‌ಚೇಂಜ್ (ಎರಡೂ ಕಡೆ ಸಹಿ ಮಾಡಿದ ಕರಾರು ಬದಲಾಯಿಸ್ಕೊಳ್ಳೋದು) ಆಗೋವರೆಗೂ ಇಬ್ಬರಿಗೂ ಕಟ್ಟುಪಾಡಿಲ್ಲ. ಸರ್ವೆಗೆ, ಅಂದ್ರೆ ಮನೆಯ ಸ್ಥಿತಿಯ ತಪಾಸಣೆಗೆ, ದುಡ್ಡು ಕಟ್ಟಿ, ಯಾವ ರೂಮು ಯಾರಿಗೆ ಅಂತ ಮಕ್ಕಳು ಜಗಳ ಆಡಿ ಮುಗಿಸಿದ ಮೇಲೆ ನಮ್ಮ ಮೊದಲನೇ ಮನೆಯನ್ನ ಇನ್ಯಾರೋ ಹತ್ತು ಸಾವಿರ ಜಾಸ್ತಿ ಕೊಟ್ಟು ಎತ್ಕೊಂಡು ಹೋದರು. ಮಗಳು ಅತ್ತಿದ್ದು ಇನ್ನೂ ನೆನಪಿದೆ. ನಾನೂ ಅತ್ತೆ, ಬಾತ್‌ರೂಮಲ್ಲಿ.

ಸರ್ವೆ ಅಂದೆನಲ್ಲ, ಆ ಮನೆಗೆ ಎಲ್ಲಕ್ಕಿಂತ ವಿವರವಾದ ಲೆವೆಲ್ 3 ಮಾಡಿಸಿ, ಉಳಿಸೋಕೆ ಹೋಗಬೇಡಿ. ಫೋಟೋದಲ್ಲಿ ಬಲಗಡೆ ದೊಡ್ಡ ವಿಲೋ ಮರ ಕಾಣ್ತಾ ಇದೆ. ನೋಡೋಕೆ ಚಂದ, ಆದರೆ ದಕ್ಷಿಣ ವಾರಿಕ್‌ಶೈರ್‌ನ ಈ ಭಾಗದಲ್ಲಿ ಕೆಳಗಿರೋದು ಹೆಚ್ಚಾಗಿ ಜೇಡಿ, ಸುಣ್ಣಕಲ್ಲಿನ ಪದರ. ಒಣಗಿದರೆ ಜೇಡಿ ಕುಗ್ಗುತ್ತೆ, ಮರದ ಬೇರು ಇರೋ ನೀರನ್ನೂ ಹೀರುತ್ತೆ. 2022ರ ಬೇಸಿಗೆ ನೆನಪಿದೆಯಲ್ಲ, ಇಂಗ್ಲೆಂಡಿನಲ್ಲಿ ಮೊದಲ ಸಲ 40 ಡಿಗ್ರಿ ದಾಟಿದ ವರ್ಷ? ಆಗ ನಮ್ಮ ಎದುರು ಮನೆ ಗೋಡೆಯಲ್ಲಿ ಕಿರುಬೆರಳು ಹೋಗೋವಷ್ಟು ಬಿರುಕು ಬಿಟ್ಟಿತ್ತು. ಇದೇ ಮಣ್ಣು ಮಳೆಗೆ ಜಾರುತ್ತೆ ಕೂಡ. 2015ರ ಆರಂಭದಲ್ಲಿ ಹಾರ್ಬರಿ ಹತ್ತಿರ ಗುಡ್ಡ ಕುಸಿದು ಲೆಮಿಂಗ್ಟನ್–ಬ್ಯಾನ್‌ಬರಿ ರೈಲು ವಾರಗಟ್ಟಲೆ ನಿಂತಿತ್ತು. ಮರ ಇದ್ದರೆ ಕಡಿಸಿದರಾಯ್ತು ಅಂತ ಯಜಮಾನರು ಹೇಳಬಹುದು. ಊರು ಕನ್ಸರ್ವೇಶನ್ ಏರಿಯಾ (ಹಳೇ ರೂಪ ಕಾಪಾಡೋ ಪ್ರದೇಶ) ಆಗಿದ್ದರೆ, ಅಥವಾ ಮರದ ಮೇಲೆ ಪ್ರಿಸರ್ವೇಶನ್ ಆರ್ಡರ್ (ಮರ ಉಳಿಸೋ ಆದೇಶ) ಇದ್ದರೆ, ನಿಮ್ಮ ಅಂಗಳದ ಮರದ ಕೊಂಬೆ ಕಡಿಯೋಕೂ ಕೌನ್ಸಿಲ್‌ಗೆ ಬರೆದು ಕಾಯಬೇಕು.

ಹಿಂದಿನ ಹೊಲವೂ ಅಷ್ಟೇ. “ವ್ಯೂ” ಅನ್ನೋದು ಏಜೆಂಟ್ ಬರೆಯೋ ಮಾತು, ಅದರ ಮೇಲೆ ನಿಮಗೆ ಕಾನೂನಿನ ಹಕ್ಕೇನೂ ಇಲ್ಲ. ಸ್ಟ್ರಾಟ್‌ಫರ್ಡ್ ಡಿಸ್ಟ್ರಿಕ್ಟ್ ಕೌನ್ಸಿಲ್‌ನ ಪ್ಲಾನಿಂಗ್ ಪುಟದಲ್ಲಿ ಆ ಹೊಲದ ಮೇಲೆ ಏನಾದ್ರೂ ಅರ್ಜಿ ಬಿದ್ದಿದೆಯಾ ನೋಡಿ. ಸೌತಮ್, ಲ್ಯಾಡ್‌ಬ್ರೂಕ್ ಕಡೆ ಎಚ್‌ಎಸ್2 ಅನ್ನೋ ಹೊಸ ಹೈಸ್ಪೀಡ್ ರೈಲು ಮಾರ್ಗ ಎಲ್ಲಿ ಹಾದು ಹೋಗುತ್ತೆ ಅಂತಲೂ ನಕ್ಷೆ ತೆಗೆದು ನೋಡಿ.

ಅಂದಹಾಗೆ ಒಂದು ತಮಾಷೆ. ಹಳೇ ಹಳ್ಳಿ ಅಂದ ಮೇಲೆ ಸಾಲಿಸಿಟರ್ ‘ಚಾನ್ಸೆಲ್ ರಿಪೇರ್’ ಅಂತ ಒಂದು ಇನ್ಶೂರೆನ್ಸ್ ಕೇಳಬಹುದು. ಶತಮಾನಗಳ ಹಿಂದೆ ಚರ್ಚಿಗೆ ಸೇರಿದ್ದ ಕೆಲವು ಜಮೀನು ಇವತ್ತು ಯಾರ ಕೈಯಲ್ಲಿದೆಯೋ ಅವರು ಆ ಚರ್ಚಿನ ಗರ್ಭಗುಡಿಯಂಥ ಭಾಗವನ್ನ ರಿಪೇರಿ ಮಾಡಿಸಬೇಕು ಅನ್ನೋ ಹಳೇ ಋಣ ಅದು. ನಗಬೇಡಿ, ನಮ್ಮ ವಾರಿಕ್‌ಶೈರ್‌ನದೇ ಆಸ್ಟನ್ ಕ್ಯಾಂಟ್ಲೋ ಹಳ್ಳಿಯಲ್ಲಿ ಜಮೀನಿದ್ದ ಒಂದು ದಂಪತಿಯ ಮೊಕದ್ದಮೆ ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ 2003ರಲ್ಲಿ ಅವರ ವಿರುದ್ಧವೇ ತೀರ್ಪಾಯ್ತು. ಈ ಇನ್ಶೂರೆನ್ಸ್ ಅಂತೂ ಅಗ್ಗ. ಊರ ದೇವಸ್ಥಾನದ ಇನಾಮ್ತಿ ಜಮೀನಿನ ತಂಟೆ ತಪ್ಪಿಸ್ಕೊಂಡು ಬಂದ ನಮ್ಮ ಮಾವನವರಿಗೆ ಇದನ್ನ ಹೇಳಿದಾಗ ಅವರು ನಕ್ಕ ನಗು!

ಇನ್ನು ಎಣ್ಣೆ. ಆ ಮನೆಯ ವಿವರದಲ್ಲಿ ‘ಆಯಿಲ್ ಫೈರ್ಡ್ ಸೆಂಟ್ರಲ್ ಹೀಟಿಂಗ್’ ಅಂತಿದೆ, ಅಂದ್ರೆ ಆ ಬೀದಿಗೆ ಬಹುಶಃ ಗ್ಯಾಸ್ ಪೈಪ್ ಬಂದಿಲ್ಲ. ಅಂಗಳದ ಮೂಲೆಯ ಹಸಿರು ಟ್ಯಾಂಕಿನಲ್ಲಿ ಸೀಮೆಎಣ್ಣೆ ತುಂಬಿಸಿ ಮನೆ ಬಿಸಿ ಮಾಡೋದು. ಹೌದು, ನಮ್ಮ ಸೀಮೆಎಣ್ಣೆಯೇ. ನಾವು ಬಂದ ಮೊದಲ ಚಳಿಗಾಲ ಟ್ಯಾಂಕಿನ ಮುಳ್ಳನ್ನ ನಂಬಿ ಕೂತಿದ್ದೆವು, ಅದು ಕಾಲು ಭಾಗದಲ್ಲೇ ಸಿಕ್ಕಿಹಾಕ್ಕೊಂಡಿತ್ತು. ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಬಾಯ್ಲರ್ ಕೆಮ್ಮಿ ನಿಂತೇಹೋಯ್ತು. ಫೋನ್ ಮಾಡಿದರೆ 500 ಲೀಟರಿಗಿಂತ ಕಡಿಮೆ ಕೊಡಲ್ಲ, ಅದೂ ಮುಂದಿನ ಗುರುವಾರ. ಎಣ್ಣೆ ಬಂದ ಮೇಲೂ ಪೈಪಿನಲ್ಲಿ ಗಾಳಿ ಸೇರಿದೆ ಅಂತ ಮೆಕ್ಯಾನಿಕ್ ಬರೋವರೆಗೆ ಮತ್ತೊಂದು ದಿನ. ಅಷ್ಟೂ ದಿನ ಐದು ಜನ ಒಂದೇ ರೂಮಲ್ಲಿ, ಒಂದೇ ಎಲೆಕ್ಟ್ರಿಕ್ ಹೀಟರ್ ಮುಂದೆ. ಆಗ ದಾವಣಗೆರೆಯಿಂದ ಬಂದಿದ್ದ ನಮ್ಮತ್ತೆ ರಗ್ಗು ಹೊದ್ದು ಕೂತು ಹೇಳಿದ್ದು: “ಸೀಮೆಗೆ ಬಂದ್ರೂ ನಮಗೆ ಸೀಮೆಎಣ್ಣೆ ಕ್ಯೂ ತಪ್ಪಲಿಲ್ವಲ್ಲೇ.” ಆಮೇಲೆ ಅವರೇ ಅಂಗಳದಲ್ಲಿ ಬಿದ್ದಿದ್ದ ಒಂದು ಬಿದಿರು ಕೋಲಿಗೆ ಗುರುತು ಹಾಕಿ ಕೊಟ್ಟರು, ರೇಷನ್ ಅಂಗಡಿಯವನು ಡ್ರಮ್ಮಿಗೆ ಇಳಿಬಿಡೋ ಹಾಗೆ. ಇವತ್ತಿಗೂ ತಿಂಗಳಿಗೊಂದು ಸಲ ಅದನ್ನೇ ಇಳಿಸಿ ನೋಡ್ತೀನಿ.

ಸೆಪ್ಟಿಕ್ ಟ್ಯಾಂಕ್ ಇದ್ದರೆ ಅದರ ನೀರು ಎಲ್ಲಿಗೆ ಹೋಗುತ್ತೆ ಕೇಳಿ. ನೇರವಾಗಿ ಹಳ್ಳಕ್ಕೆ ಬಿಡೋ ಹಾಗಿಲ್ಲ, ಸರಿ ಮಾಡಿಸೋಕೆ ಸಾವಿರಗಟ್ಟಲೆ ಆಗುತ್ತೆ.

ಇಷ್ಟೆಲ್ಲ ಹೆದರಿಸಿದ ಮೇಲೆ ಡಿಟ್ಯಾಚ್ಡ್ ಮನೆಯ ಸುಖವನ್ನೂ ಹೇಳಲೇಬೇಕು. ಟೆರೇಸ್ ಮನೆಯಲ್ಲಿ ಬೆಳಿಗ್ಗೆ ಆರಕ್ಕೆ ಚಟ್ನಿಗೆ ಮಿಕ್ಸಿ ಹಾಕೋ ಮುಂಚೆ ಅದರ ಕೆಳಗೆ ಟವೆಲ್ ಮಡಚಿ ಇಡ್ತಿದ್ದೆ. ಸಾರಿನಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಹುರಿದ ದಿನ ಗೋಡೆಯ ಆಚೆ ಕೆಮ್ಮು ಕೇಳಿಸೋದು. ಇಲ್ಲಿ ಯಾರ ಹಂಗೂ ಇಲ್ಲ. ಯುಟಿಲಿಟಿ ರೂಮಿಗೆ ಒಂದು ಒಲೆ ಹಾಕಿಸಿ ಅದನ್ನ ಒಗ್ಗರಣೆ ಮನೆ ಮಾಡ್ಕೊಂಡಿದ್ದೀನಿ. ಕನ್ಸರ್ವೇಟರಿ ಅನ್ನೋ ಗಾಜಿನ ಕೋಣೆ ಚಳಿಗಾಲದಲ್ಲಿ ಫ್ರಿಜ್, ಬೇಸಿಗೆಯಲ್ಲಿ ಬಾಣಲೆ, ಕೂರೋಕೆ ಬಾರದು. ಆದರೆ ಜುಲೈನಲ್ಲಿ ಅಲ್ಲಿ ಸಂಡಿಗೆ ಎರಡೇ ದಿನಕ್ಕೆ ಗರಿಗರಿ ಒಣಗುತ್ತೆ, ಕರಿಬೇವಿನ ಗಿಡ ನನ್ನೆತ್ತರ ಬೆಳೆದಿದೆ. ಪಕ್ಕದ ಮನೆ ಅಜ್ಜ ಆಗಸ್ಟ್ ಬಂದರೆ ರನ್ನರ್ ಬೀನ್ಸ್ ಕಂತೆಗಟ್ಟಲೆ ಬಾಗಿಲ ಮುಂದೆ ಇಟ್ಟು ಹೋಗ್ತಾರೆ. ನಾನು ಕಾಯಿ ಹಾಕಿ ಪಲ್ಯ ಮಾಡಿ ಅರ್ಧ ಅವರಿಗೇ ವಾಪಸ್ ಕೊಡ್ತೀನಿ.

ಈಗ ಮಕ್ಕಳ ವಿಷಯ. ಹಳ್ಳಿ ಪ್ರೈಮರಿ ಶಾಲೆ ಚಿಕ್ಕದು, ಎರಡೆರಡು ತರಗತಿಯ ಮಕ್ಕಳನ್ನ ಒಂದೇ ಕೋಣೆಯಲ್ಲಿ ಕೂರಿಸ್ತಾರೆ, ಹೆಡ್ ಟೀಚರ್‌ಗೆ ಪ್ರತಿ ಮಗುವಿನ ಅಜ್ಜಿ ಹೆಸರೂ ಗೊತ್ತು. ಚರ್ಚ್ ಶಾಲೆ ಅಂತ ಕೆಲವರು ಹಿಂಜರೀತಾರೆ. ನಮ್ಮ ಮಗ ಯೇಸು ಹುಟ್ಟಿದ ಕಥೆಯ ನೇಟಿವಿಟಿ ನಾಟಕದಲ್ಲಿ ಕುರಿ ಆಗಿದ್ದ, ದೀಪಾವಳಿಗೆ ನಾನು ಹೋಗಿ ಇಡೀ ಶಾಲೆಗೆ ರಂಗೋಲಿ ಹಾಕಿಸಿದೆ, ಇಬ್ಬರಿಗೂ ಲೆಕ್ಕ ಚುಕ್ತಾ.

ಕನ್ನಡ ಮರೆತುಹೋಗುತ್ತೆ ಅಂತ ಮೇಲೆ ಒಬ್ಬರು ಬರೆದಿದ್ದಾರೆ. ನಮ್ಮನೇಲಿ ಆಗಿದ್ದು ಉಲ್ಟಾ. ಲೆಮಿಂಗ್ಟನ್‌ನಲ್ಲಿ ಸುತ್ತ ಪಂಜಾಬಿ, ತಮಿಳು, ತೆಲುಗು ಮಕ್ಕಳು, ಎಲ್ಲರಿಗೂ ಹೊಂದೋದು ಇಂಗ್ಲಿಷ್, ಮಗಳು ಮನೆಗೂ ಅದನ್ನೇ ತಂದಳು. ಇಲ್ಲಿ ಊರಿಗೆಲ್ಲ ನಾವೊಂದೇ ಮನೆ. ಅಕ್ಕ ತಮ್ಮ ಇಬ್ಬರಿಗೂ ಕನ್ನಡ ಗುಟ್ಟಿನ ಭಾಷೆ ಆಗಿಬಿಡ್ತು. ಬಸ್ ಸ್ಟಾಪಲ್ಲಿ, ಅಂಗಡೀಲಿ, ಯಾರಿಗೂ ಗೊತ್ತಾಗಬಾರದ್ದನ್ನೆಲ್ಲ ಕನ್ನಡದಲ್ಲೇ. ಬಹಳಷ್ಟು ಬೈಗುಳವೇ ಅನ್ನಿ, ಆದ್ರೂ ವಿಭಕ್ತಿ ಪ್ರತ್ಯಯ ಎಲ್ಲ ಸರಿಯಾಗಿರುತ್ತೆ.

ನಿಜವಾಗಿ ಒಂಟಿಯಾದವರು ನಮ್ಮ ಮಾವ. ಮೊದಲು ಬಂದಾಗ ಲೆಮಿಂಗ್ಟನ್‌ನಲ್ಲಿ ಅವರು ದಿನಾ ನಡ್ಕೊಂಡು ಜೆಫ್ಸನ್ ಗಾರ್ಡನ್ಸ್‌ಗೆ ಹೋಗಿ ಬೆಂಚಿನ ಮೇಲೆ ಇಬ್ಬರು ಸರ್ದಾರ್ಜಿಗಳ ಜೊತೆ ಅರೆಬರೆ ಹಿಂದಿಯಲ್ಲಿ ಪ್ರಪಂಚದ ರಾಜಕೀಯ ಮಾತಾಡಿ ಬರೋರು. ಹಳ್ಳಿಗೆ ಆರು ತಿಂಗಳಿಗೆ ಅಂತ ಬಂದವರು ಕಾಲುದಾರಿ ಹಿಡಿದು ಹೊಲ ಸುತ್ತಿದರು, “ಗುಡ್ ಮಾರ್ನಿಂಗ್” ಅನ್ನೋರು ಸಿಕ್ಕರು, ಮಾತಿಗೆ ಯಾರೂ ಸಿಗಲಿಲ್ಲ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಕತ್ತಲು, ಬೀದಿದೀಪ ಇಲ್ಲ. ಎರಡೇ ತಿಂಗಳಿಗೆ ಟಿಕೆಟ್ ಹಿಂದಕ್ಕೆ ಮಾಡಿಸ್ಕೊಂಡು ಹೊರಟರು. ನಿಮ್ಮ ಅಪ್ಪ ಅಮ್ಮ ಬಂದು ಮಕ್ಕಳನ್ನ ನೋಡ್ಕೋತಾರೆ ಅನ್ನೋ ಲೆಕ್ಕ ಇದ್ದರೆ, ಇದನ್ನ ಮೊದಲೇ ಅವರ ಹತ್ರ ಮಾತಾಡಿ.

ಆಮೇಲೆ ಬಸ್ಸು. ನನ್ನ ಪ್ರಕಾರ ಇಡೀ ಪ್ರಶ್ನೆ ಇಲ್ಲೇ ಇದೆ. ಆರು ವರ್ಷದ ಮಗುವಿಗೆ ಹಳ್ಳಿ ಸ್ವರ್ಗ. ನೀವು ಮನೆ ಕೊಳ್ತಾ ಇರೋದು ಹದಿನೈದು ವರ್ಷದ ಮಗುವಿಗೂ. ಹೈಸ್ಕೂಲು ಹತ್ತಿರದ್ದೇ ಆಗಿ, ಮೂರು ಮೈಲಿಗಿಂತ ದೂರ ಇದ್ದರೆ 16 ವರ್ಷದವರೆಗೆ ಕೌನ್ಸಿಲ್ ಬಸ್ಸು ಪುಕ್ಕಟೆ, ಪ್ರವೇಶ ಪರೀಕ್ಷೆ ಬರೆದು ಸೇರೋ ಗ್ರಾಮರ್ ಶಾಲೆ ಆಸೆಗೆ ದೂರದ್ದನ್ನ ಆರಿಸಿದರೆ ಖರ್ಚು ನಿಮ್ಮದಾಗಬಹುದು. ಸಂಜೆ ಏಳರ ಮೇಲೆ ನಮ್ಮೂರಿಗೆ ಬಸ್ಸಿಲ್ಲ, ಭಾನುವಾರ ಇಲ್ಲವೇ ಇಲ್ಲ. ಮಗಳಿಗೀಗ ಹದಿನಾರು. ಭರತನಾಟ್ಯ, ಗೆಳತಿ ಬರ್ತ್‌ಡೇ, ಶನಿವಾರದ ಪಾರ್ಟ್‌ಟೈಮ್ ಕೆಲಸ, ಎಲ್ಲಕ್ಕೂ ನಾನೇ ಡ್ರೈವರ್. ಟಿವಿಡೇಲ್ ಬಾಲಾಜಿ ದೇವಸ್ಥಾನಕ್ಕೆ ಹೋಗಿಬರೋದು ಅಂದ್ರೆ ಅರ್ಧ ದಿನ. ಹೋದ ತಿಂಗಳು ಅವಳು ಕಾರಲ್ಲಿ ಕೂತು ಅಂದಳು, “ಅಮ್ಮ, ಈ ಮನೇನ ನೀವು ತಮ್ಮನಿಗೆ ತಗೊಂಡಿದ್ದು, ನನಗಲ್ಲ.” ನಾನು ಗೇರ್ ಬದಲಾಯಿಸಿದೆ, ಉತ್ತರ ಕೊಡಲಿಲ್ಲ.

ಹಾಗಂತ ಬೇಡ ಅನ್ನಲ್ಲ. ನಿಮ್ಮ ದೊಡ್ಡವನಿಗೆ ಈಗಿನ್ನೂ ಆರೇ ವರ್ಷ, ಹದಿನಾರಾಗೋಕೆ ಹತ್ತು ವರ್ಷ ಸಮಯ ಇದೆ, ನೀವಿಬ್ಬರೂ ಡ್ರೈವ್ ಮಾಡ್ತೀರಿ, ಆಫೀಸು ಹತ್ತು ನಿಮಿಷ. ಫ್ಲ್ಯಾಟಿನ ಲೆಕ್ಕ ತೀರಿದರೆ ನಾನಾದರೆ ತಗೋತೀನಿ. ಆದರೆ ಎರಡನೇ ಸಲ ನೋಡೋಕೆ ಶನಿವಾರ ಬಿಸಿಲಲ್ಲಿ ಹೋಗಬೇಡಿ. ಬುಧವಾರ ಸಂಜೆ ಆರಕ್ಕೆ, ಮಳೆ ಇದ್ದರೆ ಇನ್ನೂ ಒಳ್ಳೇದು, ಲೆಮಿಂಗ್ಟನ್‌ನಿಂದ ಬಸ್ಸಲ್ಲೇ ಹೋಗಿ ಬಸ್ಸಲ್ಲೇ ವಾಪಸ್ ಬರೋಕೆ ನೋಡಿ. ಬಸ್ ತಪ್ಪಿದರೆ ನನಗೆ ಮೆಸೇಜ್ ಹಾಕಿ, ಕಾರು ತರ್ತೀನಿ. ಊಟಕ್ಕೆ ನಮ್ಮನೆಗೇ ಬನ್ನಿ, ಅತ್ತೆಯ ಕೋಲಿನ ಅಳತೆ ಬರ್ಕೊಂಡು ಹೋಗಬಹುದು.