ಅಲಾಯ್ ಚಕ್ರಕ್ಕೆ ಯಾವ ನಟ್ ಹಾಕಿಸಬೇಕು?

ಪ್ರಶ್ನೆ (ರಾಜಾಜಿನಗರದ ಸದಸ್ಯರು): ಸರ್, ನನ್ನದು ಸ್ವಿಫ್ಟ್. ಕಳೆದ ವರ್ಷ ಉಕ್ಕಿನ ರಿಮ್ ತೆಗೆಸಿ ಅಲಾಯ್ ಹಾಕಿಸಿದೆ. ಕನ್ನಡಿಯಂತೆ ಹೊಳೆಯುವ ನಟ್‌ಗಳನ್ನು ಅಂಗಡಿಯವರೇ ಕೊಟ್ಟರು. ಹೋದ ವಾರ ತುಮಕೂರು ರಸ್ತೆಯಲ್ಲಿ ಪಂಕ್ಚರ್ ಆಯಿತು. ಕಾರಿನಲ್ಲಿದ್ದ 19ರ ಸ್ಪ್ಯಾನರ್ ನಟ್‌ಗೆ ಹಿಡಿಯಲೇ ಇಲ್ಲ. ಸುರಿಯುವ ಮಳೆ, ಒಳಗೆ ಹೆಂಡತಿ ಮಕ್ಕಳು. ಕೊನೆಗೆ ಪಂಕ್ಚರ್ ಅಂಗಡಿಯ ಹುಡುಗ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ ಬಿಚ್ಚಿದ. ಈಗ 16 ನಟ್‌ಗಳನ್ನೂ ಬದಲಿಸಬೇಕು. ಕ್ರೋಮೋಲಿ, ಅಲ್ಯುಮಿನಿಯಂ, ಟೈಟಾನಿಯಂ ಎಂದೆಲ್ಲ ತೋರಿಸುತ್ತಾರೆ. ಯಾವುದು ಬಾಳಿಕೆ ಬರುತ್ತದೆ?

ಉತ್ತರ: ನಿಮ್ಮ ನಟ್ ಊದಿಕೊಂಡಿದೆ ಸರ್. ಅದು ಎರಡು ತುಂಡಿನದು: ಒಳಗೆ ಉಕ್ಕು, ಮೇಲೆ ತೆಳುವಾದ ತಗಡಿನ ಟೋಪಿ. ಎರಡರ ನಡುವೆ ನೀರಿಳಿದು ತುಕ್ಕು ಹಿಡಿಯಿತೆಂದರೆ ತಗಡು ಉಬ್ಬಿ ಸ್ಪ್ಯಾನರ್ ಕೂರುವುದಿಲ್ಲ. ಕೊಳ್ಳುವಾಗ ಬುಡದ ಅಂಚನ್ನು ಉಗುರಿನಿಂದ ಸವರಿ ನೋಡಿ, ತಗಡು ಮುಗಿಯುವ ಗೆರೆ ಉಗುರಿಗೆ ಸಿಕ್ಕಿದರೆ ಆ ನಟ್ ಬೇಡ. ಒಂದೇ ತುಂಡಿನ, ಬಡಿದು ರೂಪಿಸಿ ಹದ ಮಾಡಿದ ಉಕ್ಕಿನ ನಟ್ ತೆಗೆದುಕೊಳ್ಳಿ. ಕ್ರೋಮೋಲಿ ಎಂದರೆ ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತ ಉಕ್ಕು, ಒಳ್ಳೆಯದೇ. ಅಲ್ಯುಮಿನಿಯಂ ಹಗುರ, ಆದರೆ ಮೆದು. ಪದೇ ಪದೇ ಬಿಚ್ಚಿ ಹಾಕಿದರೆ ಥ್ರೆಡ್ (ಒಳಗಿನ ಸುರುಳಿ ಗೆರೆ) ಸವೆಯುತ್ತದೆ, ದಿನಬಳಕೆಯ ಕಾರಿಗೆ ಸಲ್ಲದು. ಟೈಟಾನಿಯಂಗೆ ತುಕ್ಕಿಲ್ಲ ನಿಜ, ಬೆಲೆ ವಿಪರೀತ, ಒಣಗಿದ ಥ್ರೆಡ್ಡಿನಲ್ಲಿ ಕಚ್ಚಿಕೊಳ್ಳುವ ಗುಣವೂ ಉಂಟು.

ಆದರೆ ಲೋಹಕ್ಕಿಂತ ಮೊದಲು ನೋಡಬೇಕಾದದ್ದು ನಟ್ ಎಲ್ಲಿ ಕೂರುತ್ತದೆ ಎಂಬುದನ್ನು. ನಟ್ ಬಿಗಿದಾಗ ಸ್ಟಡ್, ಅಂದರೆ ನಟ್ ತಿರುಗಿ ಕೂರುವ ಕಂಬಿ, ಕೂದಲೆಳೆಯಷ್ಟು ಹಿಗ್ಗಿ, ಸ್ಪ್ರಿಂಗಿನಂತೆ ಚಕ್ರವನ್ನು ಹಬ್‌ಗೆ (ಕಾರಿನಲ್ಲಿ ಚಕ್ರ ಕೂರುವ ಭಾಗ) ಒತ್ತಿ ಹಿಡಿಯುತ್ತದೆ. ಚಕ್ರ ಅಲುಗದೆ ನಿಲ್ಲುವುದು ಆ ಒತ್ತಡದಿಂದಲೇ. ಕೂರುವ ಜಾಗ ಹೊಂದದಿದ್ದರೆ ಎಂಥ ದುಬಾರಿ ನಟ್ ಕೂಡ ನಮ್ಮ ಗುಂಡಿಗಳ ಏಟಿಗೆ ಸಡಿಲವಾಗುತ್ತದೆ. ಕಂಪನಿಯದ್ದಲ್ಲದ, ಹೊರಗೆ ಕೊಂಡ ಅಲಾಯ್‌ಗಳಲ್ಲಿ ಹೆಚ್ಚಿನವಕ್ಕೆ 60 ಡಿಗ್ರಿಯ ಶಂಕುವಿನಾಕಾರದ ನಟ್ ಬೇಕು. ಪರೀಕ್ಷೆ ಸುಲಭ. ನಟ್‌ನ ಇಳಿಜಾರಿಗೆ ಮಾರ್ಕರ್ ಶಾಯಿ ಬಳಿದು, ಕೈಯಿಂದ ಕೂರಿಸಿ, ಸ್ಪ್ಯಾನರ್‌ನಲ್ಲಿ ಸ್ವಲ್ಪ ಒತ್ತಿ ಬಿಚ್ಚಿ. ಶಾಯಿ ಸುತ್ತಲೂ ಅಗಲವಾದ ಬಳೆಯಂತೆ ಅಳಿಸಿದ್ದರೆ ಸರಿ. ದಾರದಂಥ ಗೆರೆಯಷ್ಟೇ ಅಳಿಸಿದ್ದರೆ ಆ ನಟ್ ಆ ಚಕ್ರದ್ದಲ್ಲ.

ಸ್ವಿಫ್ಟ್‌ನ ಸ್ಟಡ್ 12 ಮಿ.ಮೀ., ಥ್ರೆಡ್ಡಿನ ಒಂದು ಸುತ್ತಿಗೂ ಇನ್ನೊಂದಕ್ಕೂ ಅಂತರ 1.25 ಮಿ.ಮೀ. ಅಂಗಡಿಯಲ್ಲಿ 1.5ರದ್ದನ್ನು ಕೊಟ್ಟರೆ ಒಂದೆರಡು ಸುತ್ತು ಹೋಗಿ ಬಿಗಿಯುತ್ತದೆ. ಏರ್ ಗನ್ (ಗಾಳಿಯ ಒತ್ತಡದಿಂದ ನಟ್ ತಿರುಗಿಸುವ ಯಂತ್ರ) ಇಟ್ಟು ನುಗ್ಗಿಸಿದರೆ ಸ್ಟಡ್ಡೇ ಹಾಳು. ಅಲಾಯ್ ದಪ್ಪವಿರುವುದರಿಂದ ಸ್ಟಡ್ ಎಷ್ಟು ಉಳಿದಿದೆ ಎಂದೂ ಎಣಿಸಬೇಕು. ಸ್ಟಡ್‌ನ ವ್ಯಾಸದಷ್ಟಾದರೂ ಥ್ರೆಡ್ ಹಿಡಿಯಲೇಬೇಕು, ಅಂದರೆ ನಿಮ್ಮದಕ್ಕೆ ಹತ್ತು ಸುತ್ತು, 1.5ರ ಥ್ರೆಡ್‌ಗೆ ಎಂಟು.

ಪ್ರಶ್ನೆ (ಜಯನಗರದ ಸದಸ್ಯೆ): ನನ್ನದು ಹೋಂಡಾ ಸಿಟಿ. ಕಂಪನಿ ಅಲಾಯ್ ಬದಲಿಸಿ ಬೇರೆ ಹಾಕಿಸಿದ್ದೇನೆ, ನಟ್ ಮಾತ್ರ ಹಳೆಯವೇ. ಕಂಪನಿಯದ್ದೇ ತಾನೇ, ಇನ್ನೇನು ಗಟ್ಟಿ ಬೇಕು ಎಂದುಕೊಂಡಿದ್ದೆ. ನಿಮ್ಮ ಉತ್ತರ ಓದಿ ದಿಗಿಲಾಗಿದೆ.

ಉತ್ತರ: ಮೇಡಂ, ಇವತ್ತೇ ತೋರಿಸಿ. ಹೋಂಡಾದ ಕಂಪನಿ ನಟ್‌ಗಳ ಬುಡ ಚೆಂಡಿನಂತೆ ದುಂಡಗಿರುತ್ತದೆ. ಶಂಕುವಿನ ಗುಳಿಯಲ್ಲಿ ಅದು ಒಂದು ಗೆರೆಯ ಮೇಲೆ ನಿಲ್ಲುತ್ತದೆ, ಅಷ್ಟೇ. ಟೊಯೋಟಾದ ಎಷ್ಟೋ ಅಲಾಯ್‌ಗಳಿಗೆ ವಾಷರ್ ಇರುವ ಚಪ್ಪಟೆ ಬುಡದ ನಟ್. ಫೋಕ್ಸ್‌ವ್ಯಾಗನ್, ಸ್ಕೋಡಾಗಳಿಗೆ ನಟ್ ಬದಲು ಬೋಲ್ಟ್. ಹಳೆಯವನ್ನು ಎಸೆಯಬೇಡಿ, ಕಂಪನಿ ಚಕ್ರ ಮತ್ತೆ ಹಾಕಿಸುವ ದಿನ ಅವೇ ಬೇಕು. ಸ್ಟೆಪ್ನಿ ಉಕ್ಕಿನ ರಿಮ್ಮಾಗಿದ್ದರೆ ಹೊಸ ನಟ್ ಅದಕ್ಕೂ ಕೂರುತ್ತದೆಯೇ ಎಂದು ಇದೇ ಪರೀಕ್ಷೆ ಮಾಡಿ. ಸಣ್ಣ ತೂತಿನ ಅಲಾಯ್‌ಗೆ ಹಲ್ಲುಗಳಿರುವ ತೆಳು ನಟ್ ಕೊಡುತ್ತಾರೆ. ಅದನ್ನು ಬಿಚ್ಚಲು ಬೇರೆಯೇ ಕೀ ಉಂಟು, ಅದು ಸದಾ ಡಿಕ್ಕಿಯಲ್ಲಿರಲಿ. ಕೀಯನ್ನು ಮನೆಯಲ್ಲಿಟ್ಟು ಟೋಯಿಂಗ್ ಗಾಡಿಯಲ್ಲಿ ಬಂದವರನ್ನು ನಾನು ನೋಡಿದ್ದೇನೆ.

ಪ್ರಶ್ನೆ (ಕೆಂಗೇರಿಯ ಸದಸ್ಯರು): ಅಣ್ಣಾ, ತುಕ್ಕು ಬಾರದಂತೆ ಸ್ಟಡ್‌ಗೆ ಗ್ರೀಸ್ ಹಚ್ಚಬಹುದೇ?

ಉತ್ತರ: ದಯವಿಟ್ಟು ಬೇಡ. ಕೈಪಿಡಿಯ ಬಿಗಿತದ ಅಂಕಿ ಒಣ ಥ್ರೆಡ್‌ಗೆ ಕೊಟ್ಟದ್ದು. ಗ್ರೀಸ್ ಇದ್ದರೆ ಘರ್ಷಣೆ ಇಳಿದು, ಅದೇ ಅಂಕಿಗೆ ಸ್ಟಡ್ ಹೆಚ್ಚು ಹಿಗ್ಗುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿದರೆ ಸಾಕು. ಸಣ್ಣ ಕಾರುಗಳಿಗೆ ಈ ಬಿಗಿತ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಇರುತ್ತದೆ; ನಿಮ್ಮ ಕಾರಿನದ್ದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ. ಏರ್ ಗನ್ ಬಿಚ್ಚುವುದಕ್ಕೆ ಇರಲಿ. ಬಿಗಿಯುವುದು ಟಾರ್ಕ್ ರೆಂಚಿನಲ್ಲಿ (ಬಿಗಿತವನ್ನು ಅಳೆಯುವ ಸ್ಪ್ಯಾನರ್), ಎದುರು ಬದುರಾಗಿ, ಕೊನೆಯ ‘ಟಕ್’ ಕೇಳುವವರೆಗೆ. ನನ್ನೆದುರೇ ಮಾಡಿ ಎಂದು ಅಂಗಡಿಯವರನ್ನು ಕೇಳಲು ಸಂಕೋಚ ಬೇಡ.

ರಾಜಾಜಿನಗರದ ಸದಸ್ಯರು: ಸರ್, ಒಂದೇ ತುಂಡಿನ ನಟ್ ತಂದೆ. ಹತ್ತು ಸುತ್ತು ಹೋಗುತ್ತದೆ. ಮಾರ್ಕರ್ ಪರೀಕ್ಷೆಯಲ್ಲಿ 14 ಸರಿ ಇವೆ, ಎಡ ಹಿಂಬದಿ ಚಕ್ರದ ಎರಡರಲ್ಲಿ ಅರ್ಧ ಬಳೆ ಮಾತ್ರ ಅಳಿಸಿದೆ.

ಉತ್ತರ: ಆ ಎರಡು ಗುಳಿಗಳಲ್ಲಿ ಬೆರಳಾಡಿಸಿ ನೋಡಿ. ಬಣ್ಣ ಗಟ್ಟಿಯಾಗಿ ನಿಂತಿದ್ದರೆ ಅದೇ ಕಾರಣ. ಬಣ್ಣದ ಮೇಲೆ ಬಿಗಿದ ನಟ್, ಬಣ್ಣ ಪುಡಿಯಾದ ಕೂಡಲೇ ಸಡಿಲ. ಮರದ ಕಡ್ಡಿಗೆ ಥಿನ್ನರ್ ಬಟ್ಟೆ ಸುತ್ತಿ ಅದನ್ನು ತೆಗೆಯಿರಿ, ಲೋಹ ಕೆರೆಯಬೇಡಿ. ಮತ್ತೆ ಶಾಯಿ ಹಚ್ಚಿ ನೋಡಿ. ಆಮೇಲೂ ಅರ್ಧವೇ ಬಂದರೆ ಗುಳಿಯೇ ಸೊಟ್ಟಗಿದೆ, ಚಕ್ರವನ್ನು ನನ್ನ ಬಳಿ ತನ್ನಿ, ಅದನ್ನು ಹಾಕಿಕೊಂಡು ಓಡಿಸಬೇಡಿ. ಪೂರ್ತಿ ಬಳೆ ಬಂದರೆ ಬಿಗಿದು ಓಡಿಸಿ, 50ರಿಂದ 100 ಕಿ.ಮೀ. ಆದ ಮೇಲೆ ಬೆಳಿಗ್ಗೆ ಚಕ್ರ ತಣ್ಣಗಿರುವಾಗ ಹದಿನಾರನ್ನೂ ಇನ್ನೊಮ್ಮೆ ಟಾರ್ಕ್ ರೆಂಚಿನಲ್ಲಿ ನೋಡಿ.

ರಾಜಾಜಿನಗರದ ಸದಸ್ಯರು: ಬಣ್ಣವೇ ಸರ್. ತೆಗೆದೆ, ಈಗ ಎರಡೂ ಪೂರ್ತಿ ಬಂದಿವೆ.